ಜ್ವಾಳದ ಗಡಿಗ್ಯಾಗಿನ ಮಸಿ

ನಾನೇ ಹೊಡದದ್ದು! ಇನ್ನೆಷ್ಟು ಸರ್ತಿ ಹೇಳ್ಲಿ ನಿನಗ? ಬರಕೋ... ಬರಕೋ ಅಂತೀನಿ. ವೆಂಕಮ್ಮ, ಗಂಡ ತಾಯಣ್ಣ, ಸಾಕಿನ್ ಪೋತ್ನಾಳ. ಮೊಮ್ಮಗಳು ನಾಗವೇಣಿ ಗಂಡ ಹುಲಿಗೆಪ್ಪನ ತಲಿ ಮ್ಯಾಲ ಪ್ರಿಂಟರ್ ಎತ್ತಿ ಹಾಕಿದೆ. ಒಂದಲ್ಲ, ಎರಡು ಸರ್ತಿ. ಎರಡನೇ ಸರ್ತಿಗೆ ಟಕ್ ಅಂತು... ಕಾಯಿ ಒಡದಂಗ.

ಯಾಕ ನಗ್ತಿ?

ಈ ಮುದುಕಿ ಹೆಂಗ ಎತ್ತಿದ್ಲು ಅಂತನಾ? ಯವ್ವಾ ಮಿನಾಜ್, ನೀ ಖಾಕಿ ಹಾಕ್ಕೊಂಡಿದ್ದು ನಿನ್ನೆ ಮೊನ್ನೆ. ನಾ ಹತ್ತಿ ಅಂಡಿಗಿ ಚೀಲ ಬೆನ್ನ ಮ್ಯಾಲ ಹೊತ್ತು ಲಾರಿ ತುಂಬಿಸಿದಾಕಿ. ಮಾನ್ವಿ ಹತ್ತಿ ಜಿನ್ನಿನ್ಯಾಗ ಯಾರನ್ನಾರ ಕೇಳು. ಆ ಪ್ರಿಂಟರ್ ಏನ್ ತೂಕ? ಒಂದು ಕೊಡ ನೀರಿನಷ್ಟಿಲ್ಲ! ನೋಡಿಲ್ಲಿ ನನ್ನ ಕೈ. ನೋಡು... ಮೊಣಕೈ ತನಕ ಕರೇ ಮಸಿ. ಸೆರಗಿಗೂ ಹತ್ಯಾದ. ಎತ್ತಿ ಹಾಕಿದ ಹೊಡತಕ್ಕ ಅದರ ಹೊಟ್ಯಾಗಿನ ಮಸಿ ಎಲ್ಲಾ ಭುಸ್ ಅಂತ ನನ್ನ ಕೈ ಮ್ಯಾಲ ಬಂತು. ಇನ್ನೇನ್ ಸಾಕ್ಷಿ ಬೇಕು ನಿನಗ? ರೇಷನ್ ಅಂಗಡಿ ಮಷಿನ್ ನನ್ನ ಹೆಬ್ಬೆಟ್ಟು ನಂಬಲ್ಲ, ಗೊತ್ತಾ? ಅಂಡಿಗಿ ಎಳದೆಳದು ಗೆರಿ ಎಲ್ಲಾ ಸವದಾವ. ಇಟ್ರ ಕೊಂಯ್ ಅಂತದ. ಆದ್ರ ಮಸಿ ಹಚ್ಚಿ ಒತ್ತಿದ್ರ ಇವತ್ತಿನ ತನಕ ಯಾವ ಸಾಹೇಬನೂ ಇಲ್ಲ ಅಂದಿಲ್ಲ. ಮಸಿ ಕಂಡ್ರ ನಂಬ್ತೀರಿ ನೀವು. ನಂಬು ಮತ್ತ!

ಗಂಟಿ ಎಷ್ಟಾತು? ... ಒಂದೂಮುಕ್ಕಾಲಾ. ಹ್ಞಾಂ. ಏನಿಲ್ಲ, ಸುಮ್ಮ ಕೇಳಿದೆ.

ಕುಂದ್ರು. ಆ ಕುರ್ಚಿ ಬ್ಯಾಡ, ಅದರ ಕಾಲು ಅಂವ ಮುರದಾನ. ಈ ಕಟ್ಟಿ ಮ್ಯಾಲ ಕುಂದ್ರು. ನಿಮ್ಮವ್ವ ಹೀರಾಬಿ ಬಳಿ ಮಾರೋ ಬುಟ್ಟಿ ಹೊತ್ಕೊಂಡು ಬಂದ್ರ ಇಲ್ಲೇ ಕುಂದ್ರತಿದ್ಲು. ನೀ ಆಕಿ ಬಗಲಾಗ, ಮೂಗು ಸುರಿಸ್ಕೋತ! ನೀನು, ನಾಗವೇಣಿ ಕೂಡಿ ಒಡದ ಬಳಿ ಚೂರು ಆಯ್ಕೊಂಡು ಆಡ್ತಿದ್ರಿ... ಮಾರಿ ಗಂಟು ಹಾಕಬ್ಯಾಡ, ಅದನ್ನ ಬರಕೋ ಅಂದಿಲ್ಲ ನಾ.

ಏ! ಕಿಡಿಕ್ಯಾಗ ಏನ್ ಇಣಿಕಿ ನೋಡ್ತೀರಿ? ಹೋಗ್ರಿ ನಿಮ್ಮ ನಿಮ್ಮ ಮನಿಗೆ! ನಾಗವೇಣಿ ಬೆನ್ನ ಮ್ಯಾಲ ಬಾಸುಂಡಿ ಎದ್ದಾಗ ಒಬ್ಬರೂ ಇಣಿಕಿಲ್ಲ, ಈಗ ಬಂದಾರ...

ನಾಗವೇಣಿ ಎಲ್ಲಿ ಅಂದ್ರ? ಹೇಳಿದ್ನಲ್ಲ! ರಾಯಚೂರಾಗ. ಮುಂಜಾನಿ ಏಳರ ಬಸ್ಸಿಗೆ ಹೋಗ್ಯಾಳ. ಎರಡಕ್ಕ ಆಕಿದು ಟೀಚರ್ ಪರೀಕ್ಷಾ. ಇದೆಲ್ಲ ಆಗಿದ್ದು ಹತ್ತಕ್ಕ. ಆಕಿ ಮನ್ಯಾಗ ಇರ್ಲಿಲ್ಲ. ದಪ್ಪ ಅಕ್ಷರದಾಗ ಬರಕೋ, ಇರ್ಲಿಲ್ಲ ಅಂತ.

ಯಾಕ ಹೊಡದೆ? ಹೇಳ್ತೀನಿ, ಮೊದಲಿಂದ ಹೇಳ್ತೀನಿ. ಅವಸರ ಮಾಡಬ್ಯಾಡ.

ಆ ಪ್ರಿಂಟರ್ ಆಕಿ ಮದಿವಿಕಿಂತ ಮೊದಲಿಂದು. ಮನ್ಯಾಗೇ ಇಟ್ಕೊಂಡು ಪಹಣಿ, ಅರ್ಜಿ, ಹುಡುಗರ ಹಾಲ್ ಟಿಕೆಟ್ ತೆಗೆದುಕೊಡ್ತಿದ್ಲು. ಮಲ್ಲಟದಿಂದ ಸೈತ ಬರ್ತಿದ್ರು ಜನ. ಅದರ ಹೊಟ್ಟಿಗೆ ಹಾಕೋ ಮಸಿ ಡಬ್ಬಿ ಇರತದಲ್ಲ, ಕಾಟ್ರಿಜ್, ಅದನ್ನ ಕಾಯೋ ಕೆಲಸ ನಂದು. ಹೌದು, ನಂದೇ! ಅಕ್ಷರ ಬರಲ್ಲ ಖರೆ, ಅಂಕಿ ಬರ್ತಾವ. ಬಸ್ಸಿನ ನಂಬರ್ ನೋಡಿ ಏರಾಕಿ ನಾ. ಡಬ್ಬಿ ಮ್ಯಾಲ ತಾರೀಖು ಇರತದ. "ಅವ್ವಾ, ಇದು ದಾಟಿದ್ರ ಮಸಿ ಕೆಡತದ" ಅಂತ ಕೈಬೆಳ್ಳು ಇಟ್ಟು ತೋರಿಸಿದ್ಲು. ತಾರೀಖು ಹತ್ರ ಬಂದದ್ದು ಮುಂದ, ದೂರ ಇದ್ದದ್ದು ಹಿಂದ. ಉಪ್ಪಿನಕಾಯಿ ಭರಣಿ ಇಟ್ಟಂಗ. ಬ್ಯಾಸಗ್ಯಾಗ ಈ ತಗಡಿನ ಮನಿ ಹಂಚಾಗತದ, ಮಸಿ ಏನ್ ಉಳಿತದ? ಅದಕ್ಕ ಜ್ವಾಳದ ಗಡಿಗ್ಯಾಗ ಹುಗದು ಇಡ್ತಿದ್ದೆ, ತಣ್ಣಗ. ಮಲಗಿಸಬಾರದು, ನೆಟ್ಟಗ ನಿಂದ್ರಿಸಬೇಕು. ಆಕಿ ನಗ್ತಿದ್ಲು, "ಅವ್ವಾ, ಅದೇನು ಮೊಳಕಿ ಒಡಿತದಾ?" ಅಂತ.

ಇನ್ನೊಂದು ತಾರೀಖು ಅದ. ಅದು ಡಬ್ಬಿ ಮ್ಯಾಲ ಇರಲ್ಲ. ಸೀಲ್ ಒಡದು ಮಷಿನ್ನಿಗೆ ಹಾಕಿದ ದಿನದಿಂದ ಆರು ತಿಂಗಳು. ಒಡದಿ ಅಂದ್ರ ಎಣಿಕಿ ಶುರು! ಮತ್ತ ಸುಮ್ಮ ಇಟ್ರೂ ಕೆಡತದ. ವಾರಕ್ಕೊಂದು ಹಾಳಿ ತೆಗಿಲೇಬೇಕು, ಇಲ್ಲಾಂದ್ರ ಅದರ ಮೂಗು ಕಟ್ಟತದ. ಸೋಮಾರಕ್ಕೊಂದು ಹೂವಿನ ಚಿತ್ರ ತೆಗಿತಿದ್ಲು, ನನ್ನ ಸಲುವಾಗಿ. ಅಕಾ, ಆ ಗ್ವಾಡಿ ನೋಡು, ಎಲ್ಲಾ ಅವೇ ಅಂಟಿಸೀನಿ.

ಕಡೀದು ಆ ದಾಸವಾಳ. ಅರ್ಧ ಕೆಂಪು, ಅರ್ಧ ಬಿಳೇದು... ಹೂವು ಹೊರಗ ಬರೋ ಹೊತ್ತಿಗೇ ಅಂವ ವೈರ್ ಕಿತ್ತಿದ. ಕಿತ್ತು, ಅದೇ ವೈರಿಲೇ... ದೀಪಾವಳಿ ಅಮಾಸಿ ದಿನ. ಓಣಿ ತುಂಬ ಪಟಾಕಿ. ಆಕಿ ಒದರಿದ್ದು ಯಾರಿಗೂ ಕೇಳಿಲ್ಲ. ಮರುದಿನ ಎಣ್ಣಿ ಹಚ್ಚಾಕ ಹೋದ್ರ ಬೆನ್ನ ಮ್ಯಾಲ ಕೈ ಇಡಾಕ ಜಾಗ ಇರ್ಲಿಲ್ಲ. ಯಾಕಂತ? ಗಂಡಸರು ಬಂದು ಹಾಳಿ ತಗೊಂಡು ಹೋಗ್ತಾರ, "ನನ್ನ ಮನಿ ಬಜಾರ ಆತು" ಅಂತ. ಯಾರ ಮನಿ? ನನ್ನ ಮನಿ! ದೇವದುರ್ಗದಿಂದ ಒಂದು ಟ್ರಂಕು ತಗೊಂಡು ಬಂದಂವ, ಗೂಡ್ಸ್ ಗಾಡಿ ಹೊಡಿಯಾಂವ. ಅದೇ ಟ್ರಂಕಿನ್ಯಾಗ ಪ್ರಿಂಟರ್ ಇಟ್ಟು ಕೀಲಿ ಜಡದ.

ಏಳು ತಿಂಗಳು ಯವ್ವಾ. ಸೀಲ್ ಒಡದ ಮಸಿ ಅದರ ಹೊಟ್ಯಾಗೇ ಇತ್ತು. ನಾ ದಿನಾ ಎಣಿಸ್ತಿದ್ದೆ. ಆರು ತಿಂಗಳು ಆಗೋದ್ರಾಗ ಕೀಲಿ ಕೊಡಪಾ ಅಂತ ಕೈ ಮುಗದೆ. ಅದಕ್ಕ ಏನ್ ಮಾಡಿದ? ಯುಗಾದಿ ಪಾಡ್ಯದ ದಿನ, ಆಕಿ ಬಲಗೈ ಹಿಡದು ಆ ಹೊಸ್ತಿಲ ಮ್ಯಾಲ ಇಟ್ಟು, ಬೂಟುಗಾಲಿಲೇ ತುಳದ. "ಬರಿಯೋ ಕೈ ಅಲ್ಲ ಇದು? ಬರಿ ಈಗ" ಅಂತ. ಚಿಟ್ ಚಿಟ್ ಅಂತು. ಎರಡು ಬೆಳ್ಳು ಇನ್ನೂ ನೆಟ್ಟಗಾಗಿಲ್ಲ. ಆ ಸೊಟ್ಟ ಬೆಳ್ಳಿಲೇ ಬರದು ಬರದು ಓದ್ಯಾಳ ಈ ಪರೀಕ್ಷಾಕ್ಕ.

ನೀ ಯಾಕ ತೆಳಗ ನೋಡ್ತಿ? ದೂರು ಕೊಡಾಕ ಬಂದ್ರ ನೀ ಇರ್ಲಿಲ್ಲ ಆವತ್ತು ಠಾಣಾದಾಗ. ಇದ್ದಾತ ಗಂಡ ಹೆಂಡ್ತಿ ಜಗಳ ಅಂತ ಚಾ ಕುಡಿಸಿ ಕಳಿಸಿದ. ಸಕ್ರಿ ಜಾಸ್ತಿ ಹಾಕಿಸಿದ್ದ.

ಹ್ಞೂಂ. ಅಂವ ಮೂರು ದಿನ ಗಾಡಿ ಮ್ಯಾಲ ಹೋಗಿದ್ದ. ನಿನ್ನೆ ಸಂಜಿಮುಂದ ಟ್ರಂಕಿನ ಕೀಲಿ ಒಡದ್ವಿ. ಹಾಲ್ ಟಿಕೆಟ್ ತೆಗಿಬೇಕಿತ್ತಲ್ಲ. ಎಲ್ಲಿ ಬರತದ! ಬಿಸಿನೀರಿನ ಬಟ್ಟಿ ಒತ್ತಿದ್ವಿ, ಅಲ್ಲಾಡಿಸಿದ್ವಿ, ಕೂಸಿನ ಬೆನ್ನು ತಟ್ಟಿದಂಗ ತಟ್ಟಿದ್ವಿ. ಹನಿ... ಒಂದು ಹನಿ ಇಲ್ಲ. ಒಳಗ ಒಣಗಿ ಕಲ್ಲಾಗಿತ್ತು. ಕರ್ ಕರ್ ಅಂತ ಒದರಿ ಬಿಳೇ ಹಾಳಿ ಉಗುಳ್ತು.

ಹೊಸಾದು ಇರ್ಲಿಲ್ಲಾ ಅಂದ್ರ? ಇತ್ತು! ಒಂದೇ ಒಂದು ಇತ್ತು... ಅದ. ಗಡಿಗ್ಯಾಗ ಅದ. ಅದರ ತಾರೀಖು ಇನ್ನೂ ಒಂದು ವರ್ಷ ಮ್ಯಾಲ ಅದ. ಹಾಕು ಅಂತ ನಾನೇ ಅಂದೆ. "ಬ್ಯಾಡವ್ವಾ, ಒಂದು ಹಾಳಿ ಸಲುವಾಗಿ ಸೀಲ್ ಒಡದ್ರ ಎಣಿಕಿ ಶುರು ಆಗತದ. ಹಾಲ್ ಟಿಕೆಟ್ ಮಾನ್ವ್ಯಾಗ ಇಳದು ತೆಗಸ್ಕೋತೀನಿ. ಪರೀಕ್ಷಾ ಮುಗೀಲಿ, ಅಂವ ಏನಾರ ಮಾಡ್ಕೊಳ್ಳಲಿ, ಈ ಮನಿಗೆ ಮತ್ತ ಬೋರ್ಡ್ ಹಾಕ್ತೀನಿ. ಅವತ್ತು ಈ ಡಬ್ಬಿ ಒಡಿಯೋಣು, ನೀನೇ ಒಡಿವಂತಿ" ಅಂದ್ಲು. ಅದನ್ನ ಮತ್ತ ಜ್ವಾಳದಾಗ ಹುಗದಿಟ್ಟು, ಮೂರು ಸರ್ತಿ ಮ್ಯಾಲ ತಟ್ಟಿದ್ಲು. ಆಮ್ಯಾಲ ಮುಂಜಾನಿ, ಹತ್ತರ... ಏಳರ ಬಸ್ಸಿಗೆ. ಏಳರದು.

ಎರಡು ಆಗಿಲ್ಲಾ ಇನ್ನ?

ಅಂವ ಹತ್ತಕ್ಕ ಬಂದ. ಟ್ರಂಕಿನ ಕೀಲಿ ನೋಡಿದ. ಪ್ರಿಂಟರ್ ಈ ಕಟ್ಟಿ ಮ್ಯಾಲೇ ಇತ್ತು. "ಯಾರು ಒಡದದ್ದು?" ಅಂದ. ನಾನೇ ಅಂದೆ. ನನ್ನ ಮನಿ, ನನ್ನ ಕೈ, ನಾನೇ ಅಂದೆ! ಗ್ವಾಡಿಗೆ ಒತ್ತಿದ ನನ್ನ, ಆ ದಾಸವಾಳದ ತೆಳಗ. ಎರಡೂ ಹೆಬ್ಬೆಟ್ಟು ಇಲ್ಲಿ... ಗಂಟಲಾಗ ಇಳಿಸಿದ. ಗುರುತು ನೋಡು, ನೀಲಿ ಆಗ್ಯಾವಲ್ಲ? ಕಾಲು ನೆಲ ಬಿಟ್ಟಿದ್ವು. ನಾಲಿಗಿ ಹೊರಗ ಬಂತು. ಕಣ್ಣಾಗ ಕೆಂಪು, ಆಮ್ಯಾಲ ಕಪ್ಪು. ಅಂವನ ಬಾಯಿ ನನ್ನ ಮಾರಿ ಮ್ಯಾಲೇ ಇತ್ತು, ಗುಟ್ಕಾ ವಾಸನಿ... ಅಷ್ಟರಾಗ ಪ್ರಿಂಟರ್ ಕೈಗೆ ಸಿಕ್ತು. ಎತ್ತಿದೆ. ಹಾಕಿದೆ. ಬಿದ್ದ. ಏಳಾಕ ಹೊಂಟ. ಮತ್ತ ಹಾಕಿದೆ.

ಏನು? ... ಗಾಯ ಹಿಂದಿನ ತಲಿಗೆ ಅದ ಅಂತಾ?

ಅಂವ ತಿರುಗಿದ. ಯಾಕ ತಿರುಗಿದ ಅಂದ್ರ... ತಿರುಗಿದ! ಗಂಟಲು ಹಿಚುಕಿಸ್ಕೊಳ್ಳೋ ಮುದುಕಿ ಯಾವ ಕಡಿ ತಿರುಗಿದ ಅಂತ ನೋಡ್ಕೋತ ನಿಂದಿರ್ತಾಳೇನು? ನಿನ್ನ ಕುತ್ತಿಗಿ ಹಿಚುಕಲಿ ಯಾರಾರ, ಆಮ್ಯಾಲ ಕೇಳ್ತೀನಿ ನಾ!

ಫೋನು... ನಿಂದೇ ಒದರಾಕತ್ಯಾದ. ಎತ್ತು.

ದವಾಖಾನಿಯವರಾ? ... ಏನಂತಾರ? ಉಸಿರಾಡ್ತಿದ್ದ ಒಯ್ಯೋವಾಗ, ನಾ ನೋಡೀನಿ, ಹೊಟ್ಟಿ ಏಳತಿತ್ತು... ಬಾಯಿ ಬಿಡವ್ವಾ.

ಹೋದ್ನಾ?

... ಹೋದ.

ಬರಕೋ. ಹೊಡದೆ ಅಂತ ಬರದಿದ್ದಿಯಲ್ಲ, ಅದಕ್ಕ ಗೀಟು ಹಾಕು. ಕೊಂದೆ ಅಂತ ಬರಕೋ. ಎದ್ದು ಬಂದ್ರ ಇನ್ನೊಮ್ಮೆ ಹೊಡಿತೀನಿ ಅಂತನೂ ಬರಕೋ. ಅಳಾಕತ್ತಿಲ್ಲ ನಾ. ಪುಂಡಿಪಲ್ಯ ಮಾಡಿದ್ದೆ ಇವತ್ತು, ಅಂವಗ ಭಾಳ ಸೇರತಿತ್ತು... ಒಲಿ ಮ್ಯಾಲೇ ಅದ ಇನ್ನೂ. ಹಾಳಾಗ್ಲಿ. ನೀ ಬರಿ.

ಬರಿ ಅಂತೀನಿ! ಯಾಕ ನಿಂದ್ರಿಸಿದಿ?

ಯಾಕ ಹಂಗ ನನ್ನ ಕೈನೇ ನೋಡಾಕತ್ತಿ?

ಎಲ್ಲಿ ಹೊಂಟಿ? ಆ ಪ್ರಿಂಟರ್ ಮುಟ್ಟಬ್ಯಾಡ, ರಕ್ತ ಅದ... ಮಿನಾಜ್, ಅದರ ಬಾಯಿ ಯಾಕ ತೆಗಿತಿ? ಡಬ್ಬಿ ಯಾಕ ಕಿತ್ತಿದಿ? ಬಿಳೇ ಕರ್ಚೀಪ್ ಹೊಲಸಾಗತದ, ಅದಕ್ಕ ಒತ್ತಬ್ಯಾಡ, ಅದು...

ಬಿಳೇದೇ ಉಳೀತು.

ಹೌದು. ಒಣಗಿ ಕಲ್ಲಾಗಿತ್ತು ಅಂತ ನಾನೇ ಅಂದೆ. ನನ್ನ ಬಾಯಿಲೇ ಅಂದೆ. ಆದ್ರ ಮೂಲ್ಯಾಗ ಎಲ್ಲೋ ಜರಾ ಉಳದಿತ್ತೇನೋ, ಎತ್ತಿ ಹಾಕಿದ ಹೊಡತಕ್ಕ... ಕೇಳಿಲ್ಲಿ... ಏ, ಗಡಿಗಿಗೆ ಕೈ ಹಾಕಬ್ಯಾಡ! ಜ್ವಾಳದಾಗ ಏನದ, ಹುಳ ಹತ್ಯಾವ... ಮಿನಾಜ್! ನಿಮ್ಮವ್ವನ ಮ್ಯಾಲ ಆಣಿ...

ಸಿಕ್ತಾ?

ಇನ್ನೂ ಕೆಳಗ ನೋಡು. ದಬ್ಬಣನೂ ಅಲ್ಲೇ ಅದ. ಚೀಲ ಹೊಲಿಯೋ ದಬ್ಬಣ. ಅದರಿಲೇ ಚುಚ್ಚಿದೆ.

ಆಕಿ ಕೈ ಸ್ವಚ್ಛ ಇದ್ವು ಯವ್ವಾ. ಒಂದು ಚುಕ್ಕಿ ಇರ್ಲಿಲ್ಲ. ನನ್ನ ಕೈನೂ ಸ್ವಚ್ಛ ಇದ್ವು. ಎರಡೂ ಸ್ವಚ್ಛ ಇದ್ರ ನೀವು ಯಾರನ್ನ ಒಯ್ತೀರಿ? ಗಟ್ಟಿ ಕೈ ಇದ್ದಾಕಿನ್ನ. ಅದಕ್ಕ...

ಬೈ ಬೇಕಾದ್ರ.

ನನ್ನ ಕುತ್ತಿಗಿ ಅಂವನ ಕೈಯಾಗ ಇತ್ತು. ಅಂವನ ಬೆನ್ನ ಹಿಂದ ಯಾರು ಇದ್ರು ನಾ ನೋಡಿಲ್ಲ. ನೋಡಿಲ್ಲ ಅಂತ ಬರಕೋ. ಆಕಿ ಹೋಗಲ್ಲ ಅಂತ ಕುಂತಿದ್ಲು. ನಾನೇ ಮಾರಿ ತೊಳಿಸಿ, ಸೀರಿ ಬದಲಿಸಿ, ರಟ್ಟಿ ಹಿಡದು ಬಸ್ಸಿಗೆ ತಳ್ಳಿದೆ. ಆಕಿ ಹೋದ ಮ್ಯಾಲ ಗಡಿಗಿಗೆ ಕೈ ಹಾಕಿದೆ. ನೀನೇ ಒಡಿವಂತಿ ಅಂದಿದ್ಲಲ್ಲ... ಒಡದೆ.

ಎರಡು ಆತಾ? ... ಆತು. ಕುಂತಾಳ ಈಗ. ಸೊಟ್ಟ ಬೆಳ್ಳಿಲೇ ಉತ್ತರದ ಹಾಳ್ಯಾಗ ಗುಂಡು ತುಂಬಾಕತ್ತಿರ್ತಾಳ. ನಾಕೂವರಿಗೆ ಬಿಡ್ತಾರಂತ. ಆ ಫೋನು ಯಾಕ ಕೈಯಾಗ ಹಿಡದಿ? ತೆಳಗ ಇಡು. ನಾಕೂವರಿ ತನಕ ತೆಳಗ ಇಡು, ನಿನ್ನ ಕಾಲಿಗೆ ಬೀಳ್ತೀನಿ.

ಆ ಡಬ್ಬಿ ಕೊಡಿಲ್ಲಿ. ಅದರಾಗ ಇನ್ನೂ ಮಸಿ ಅದ, ಹೆಬ್ಬೆಟ್ಟಿಗೆ ಹಚ್ಚಿಕೋತೀನಿ. ಒಳ್ಳೇ ಮಸಿ ಮಿನಾಜ್, ಇದರ ತಾರೀಖು ಮುಗಿದಿಲ್ಲ. ಹಾಳಿ ಈ ಕಡಿ ತಿರುಗಿಸು. ಎಲ್ಲಿ ಒತ್ತಲಿ?

ತೋರಿಸವ್ವಾ... ಹೆಂಗೂ ಸೀಲ್ ಒಡದಾಗೇದ.