ಕಂಪೆನಿ ಕಟ್ಟಿದ ಊರು

ಗಲ್ಫಿನ ಅಲ್ ಖೋರಿನ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ತೂಕಡಿಸುತ್ತಿದ್ದ ಹೇಜಲ್‌ಗೆ ಹಿಂದಿನ ಸಾಲಿನಿಂದ ಮಂಗಳೂರಿನ ಕನ್ನಡ ಕೇಳಿಸಿತು. ಒಬ್ಬ ತಾಯಿ, ಪಕ್ಕದಲ್ಲಿ ಚರಿತ್ರೆಯ ಪುಸ್ತಕ ಬಿಡಿಸಿಕೊಂಡ ಮಗಳು. ಕದ್ದು ಕೇಳಬಾರದು ನಿಜ, ಆದರೆ ಕಿವಿಗೆ ಬಾಗಿಲಿಲ್ಲವಲ್ಲ.

“ಎಂತ ಓದುದು ಹಿಬಾ?”

“ಅಮೆರಿಕದ್ದು ಉಮ್ಮ, ನೂರಮೂವತ್ತು ವರ್ಷ ಹಿಂದಿನದ್ದು. ರೈಲು ಡಬ್ಬಿ ಮಾಡುವ ಒಂದು ಕಂಪೆನಿ ಕೆಲಸದವರಿಗೆ ಊರೇ ಕಟ್ಟಿತ್ತು. ಮನೆ, ಅಂಗಡಿ, ಪಾರ್ಕು, ಎಲ್ಲಾ ಕಂಪೆನಿದೇ.”

“ನಮ್ಮ ಕಂಪೆನಿ ಕಾಲನಿಯ ಹಾಗೇ.”

“ಹೂಂ. ಮತ್ತೆ ವ್ಯಾಪಾರ ಬಿತ್ತು. ಸಂಬಳ ಕಟ್ ಮಾಡಿದ್ರು, ಬಾಡಿಗೆ ಮಾತ್ರ ಕಮ್ಮಿ ಮಾಡ್ಲಿಲ್ಲ. ಜನ ಸ್ಟ್ರೈಕ್ ಮಾಡಿದ್ರು.”

“ಕೆಲಸ ಹೋದವರಿಗೆ ಮನೆ ಬಿಡ್ಲಿಕ್ಕೆ ಎಷ್ಟು ದಿನ ಕೊಟ್ರಂತೆ?”

“ಅದು ಬುಕ್ಕಲ್ಲಿ ಇಲ್ಲ. ಎಕ್ಸಾಮಿಗೆ ಸ್ಟ್ರೈಕ್ ಮಾತ್ರ ಕೇಳ್ತಾರೆ.”

“ಮಕ್ಕಳ ಶಾಲೆ ಎಂತ ಆಯ್ತಂತೆ?”

“ಉಮ್ಮ, ಅದೂ ಇಲ್ಲ.”

ಹೇಜಲ್ ತಿರುಗಿ ನೋಡಲಿಲ್ಲ. ಹೇಜಲ್ ಇರುವ ಮನೆಯೂ ಕಂಪೆನಿಯದ್ದೇ.

“ಉಪ್ಪ ಈ ವಾರ ಕಂಪೆನಿ ಬಸ್ಸಿಗೇ ಹೋಗ್ಲಿಲ್ಲ.” ಮಗಳೇ ಅಪ್ಪನ ಮಾತೆತ್ತಿದಳು.

“ರಜೆ ಉಂಟು ಅವರಿಗೆ.”

“ರಜೆಯಲ್ಲಿ ಖಾಲಿ ಕಾರ್ಟನ್ ಯಾಕೆ ತಂದದ್ದು?”

ಗೋಡೆಯ ಮೇಲೆ ನಂಬರು ಬದಲಾಯಿತು.

“ಯಲ್ಲಾ, ಏಳು, ನಮ್ಮದೇ ನಂಬರು. ಪುಸ್ತಕ ಮುಚ್ಚು.”

ಮಗಳು ಪುಸ್ತಕ ಮುಚ್ಚಿ, ತಾಯಿಯ ಬ್ಯಾಗನ್ನೂ ತಾನೇ ಎತ್ತಿಕೊಂಡಳು. ಡಾಕ್ಟರ ಬಾಗಿಲ ಹತ್ತಿರ ಅವಳ ದನಿ ಇನ್ನೊಮ್ಮೆ ಕೇಳಿಸಿತು, ಈ ಸಲ ಬಹಳ ಮೆಲ್ಲಗೆ.

“ಉಮ್ಮ, ಎಕ್ಸಾಮ್ ಬರೆಯುವವರೆಗಾದ್ರೂ ಇಲ್ಲಿ ಇರ್ತೇವಾ?”