ಇನ್ನೂ ಹುಟ್ಟದ ಫೈಲು

ನಡುವಿನ ಕುರ್ಚಿಯನ್ನು ಅಲಂಕರಿಸಿರುವ ಅಧ್ಯಕ್ಷರಾದ ವೈದ್ಯರೇ, ನಾವು ಮಾಡಿಕೊಟ್ಟ ಕಾಲಿನ ಮೇಲೆಯೇ ನಡೆದು ಈ ವೇದಿಕೆ ಹತ್ತಿದ ಮುಖ್ಯ ಅತಿಥಿ ಕಂಡಕ್ಟರ್ ಸಾಹೇಬರೇ, ನಮ್ಮ ಕಾರ್ಖಾನೆಯ ಬಂಧುಗಳೇ, ಕೊನೆಯ ಸಾಲಿನಲ್ಲಿ ಕೂತರೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿರುವ ನನ್ನ ಭಾಮೈದನೇ, ಸಭಿಕರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಹಾಳಾದ ಫೋಮಿನ ದಿಮ್ಮಿ ಒಂದು. ಬಿಸಾಡಿದ ಪ್ಲಾಸ್ಟಿಕ್ ಹಾಳೆ ಒಂದು. ಕಂಡಕ್ಟರರ ಕಾಲಿನ ಚರ್ಮ, ಒಂದು ಗುಂಡಿಯಷ್ಟಗಲ. ನನ್ನ ಸೊಸೆಯ ಒಂದು ಮಧ್ಯಾಹ್ನದ ಊಟ. ಅವಳು ಡಬ್ಬಿ ಬಿಚ್ಚಲೇ ಇಲ್ಲ. ನನ್ನ ಬಾಯಿಂದ ಉದುರಿದ ಮಾತುಗಳ ಲೆಕ್ಕ ನನ್ನಲ್ಲಿಲ್ಲ, ಅವಳಲ್ಲಿರಬಹುದು. ಇಷ್ಟಕ್ಕೇ ಮುಗಿಯಿತಲ್ಲ! ನಮ್ಮ ವಾರ್ಷಿಕೋತ್ಸವದ ಈ ದಿನ ಆ ಸೊಸೆಗೆ ಸನ್ಮಾನ ಮಾಡುತ್ತಿರುವುದು ಈ ನೆಮ್ಮದಿಗಾಗಿಯೇ.

ಹೊರಗಿನವರಿಗಾಗಿ ಒಂದು ಮಾತು. ನಮ್ಮದು ಕೃತಕ ಕಾಲು ಮಾಡುವ ಕೆಲಸ. ಕತ್ತರಿಸಿ ಉಳಿದ ಕಾಲಿನ ತುಂಡನ್ನು ಹಿಡಿದು ನಿಲ್ಲಿಸುವ ಬಟ್ಟಲಿಗೆ ಸಾಕೆಟ್ ಎನ್ನುತ್ತೇವೆ. ಅಳತೆಯ ಕೋಣೆಯಲ್ಲಿ ಸೊಸೆ ಅಳತೆ ತೆಗೆದು ಕಂಪ್ಯೂಟರಿನಲ್ಲಿ ಫೈಲು ಮಾಡುತ್ತಾಳೆ. ಕೆತ್ತನೆಯ ಕೋಣೆಯಲ್ಲಿ ಭಾಮೈದನ ಯಂತ್ರ ಆ ಫೈಲಿನಂತೆ ಫೋಮಿನ ದಿಮ್ಮಿಯಲ್ಲಿ ಅಚ್ಚು ಕೆತ್ತುತ್ತದೆ. ಅದರ ಮೇಲೆ ಕಾಸಿದ ಪ್ಲಾಸ್ಟಿಕ್ ಹಾಳೆ ಎಳೆದರೆ ಸಾಕೆಟ್. ಮನುಷ್ಯನ ಕಾಲು ಸುಮ್ಮನಿರುತ್ತದೆಯೇ? ಊದುತ್ತದೆ, ಇಳಿಯುತ್ತದೆ. ಒಬ್ಬೊಬ್ಬರಿಗೆ ನಾಲ್ಕಾರು ಅಳತೆ, ನಾಲ್ಕಾರು ಫೈಲು. ಅವುಗಳಿಗೆ ನಾವಿಡುತ್ತಿದ್ದ ಹೆಸರು ಕೇಳಿ: ‘ಮೇಸ್ಟ್ರು ಎಡಗಾಲು’, ‘ಮೇಸ್ಟ್ರು ಎಡಗಾಲು ಹೊಸದು’, ‘ಹೊಸದರಲ್ಲಿ ಹೊಸದು’, ‘ಇದೇ ಸರಿ, ಮುಟ್ಟಬೇಡಿ’. ಒಮ್ಮೊಮ್ಮೆ ಹಳೆಯದರ ಮೇಲೆಯೇ ಹೊಸದನ್ನು ಬರೆದು, ಹಳೆಯದನ್ನು ಹುಡುಕುತ್ತಾ ಕೂರುತ್ತಿದ್ದೆವು.

ಸೊಸೆ ಬಂದ ಮೂರನೇ ತಿಂಗಳಿಗೆ ಒಂದು ಸ್ಕ್ರಿಪ್ಟ್ ಬರೆದಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದಿಟ್ಟ ನಾಲ್ಕು ಸಾಲಿನ ಅಪ್ಪಣೆ. ಯಾರು ಯಾವ ಫೈಲು ಉಳಿಸಿದರೂ ಅದರ ಹೆಸರಿನ ಕೊನೆಗೆ ಇಸವಿ, ತಿಂಗಳು, ತಾರೀಕು, ಗಂಟೆ, ನಿಮಿಷ ತಾವಾಗಿಯೇ ಅಂಟಿಕೊಳ್ಳುತ್ತವೆ. ‘ಇಸವಿ ಯಾಕಮ್ಮಾ ಮೊದಲು?’ ಎಂದೆ. ‘ಹಾಗಿಟ್ರೆ ಅವೇ ಸಾಲಾಗಿ ನಿಲ್ತವೆ ಮಾವ. ಕೊನೇಲಿ ನಿಂತಿದ್ದೇ ಹೊಸದು. ಚಿಕ್ಕಮಾವ ಕಣ್ಣು ಮುಚ್ಕೊಂಡು ಅದನ್ನೇ ಕೆತ್ತಬಹುದು’ ಎಂದಳು. ಅವನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡ.

ಈಗ ಕಂಡಕ್ಟರರ ವಿಷಯ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಕೊಟ್ಟು ತೋರಿಸಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಇದು ಅವರ ಇಲಾಖೆ ಒಡ್ಡಿದ ಪರೀಕ್ಷೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹೊಸ ಸಾಕೆಟ್ ತೊಟ್ಟು ಎದ್ದರು. ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದರು. ಬಿಚ್ಚಿದರೆ ರಕ್ತ. ಅಷ್ಟು ನೋವಿನಲ್ಲೂ ಆ ಮಹಾನುಭಾವರು ಅಂದದ್ದು, ‘ಯಜಮಾನ್ರೇ, ಟಿಕೆಟ್ ನಂದೇ, ಬಸ್ಸು ಮಾತ್ರ ಬೇರೆಯವರದ್ದು ಬಂದಂಗಿದೆ.’

ನಕ್ಕರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ನಾನು ಸುಮ್ಮನಿರುವ ಗಿರಾಕಿಯೇ? ‘ಫೈಲಿಗೆ ಹೆಸರಿಟ್ರೆ ಸಾಲದಾ? ಹುಟ್ಟಿದ ಗಳಿಗೆ ಬೇರೆ ಬರೀಬೇಕಾ? ಇವತ್ತೇ ಕಿತ್ತು ಹಾಕು ಆ ನಿನ್ನ ಸ್ಕ್ರಿಪ್ಟನ್ನ’ ಎಂದು ಸೊಸೆಯ ಮೇಲೆ ಹಾರಾಡಿದೆ. ಭಾಮೈದ, ‘ಕೊನೇದನ್ನೇ ಕೆತ್ತಿದೀನಿ ಭಾವ, ನನ್ನನ್ನ ಕೇಳ್ಬೇಡಿ’ ಎಂದು ಕೈ ತೊಳೆದುಕೊಂಡ. ಸೊಸೆ ಕೆತ್ತನೆಯ ಕೋಣೆಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ಒಂದು ಖಾಲಿ ಫೈಲು ಉಳಿಸಿದಳು. ಅದರ ಹೆಸರನ್ನು ನೋಡಿದಳು, ತನ್ನ ಕೈಗಡಿಯಾರ ನೋಡಿದಳು.

‘ಮಾವ, ಈ ಫೈಲು ಇನ್ನೂ ಹುಟ್ಟೇ ಇಲ್ಲ! ಹುಟ್ಟೋಕೆ ಇನ್ನೂ ಅರ್ಧ ಗಂಟೆ ಇದೆ!’

‘ಅಯ್ಯೋ, ಅದು ಮನೆ ಟೈಮು ಕಣಮ್ಮ’ ಎಂದೆ.

‘ಮನೆ ಟೈಮು ಅಂದ್ರೆ?’

ಸಭಿಕರೇ, ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ನನ್ನ ಮಗ ಹುಟ್ಟಿದ ದಿನ ನಾನು ಯಾರದೋ ಕಾಲಿನ ಕೆಲಸ ಮುಗಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹಾಲು ಕುಡಿದು ಮಲಗಿತ್ತು, ತಾಯಿಯೂ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮನೆಗೆ ಬಂದವಳೇ ಸ್ಟೂಲು ಹತ್ತಿ, ಇನ್ನು ಮುಂದೆ ನಾನು ತಡ ಮಾಡಬಾರದೆಂದು ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟಳು. ಬೈಗುಳ ಇಲ್ಲ, ಅಳು ಇಲ್ಲ. ಎಂಥ ಜಾಣ ಹೆಂಗಸು ಎಂದು ಮೆಚ್ಚಿ, ಕಾರ್ಖಾನೆಗೂ ಅದೇ ಪದ್ಧತಿ ತಂದೆ. ಅಳತೆಯ ಕೋಣೆಯ ಕಂಪ್ಯೂಟರು ಇಂಟರ್ನೆಟ್ಟಿನಿಂದ ತಾನೇ ಸರಿಯಾದ ಸಮಯ ತಿಳಿದುಕೊಳ್ಳುತ್ತದೆ. ಕೆತ್ತನೆಯ ಕೋಣೆಯದಕ್ಕೆ ಇಂಟರ್ನೆಟ್ ಇಲ್ಲ, ಅಳತೆಯ ಕೋಣೆಯಿಂದ ಫೈಲು ತರುವ ಒಂದು ತಂತಿ ಮಾತ್ರ. ಭಾಮೈದ ಅದರ ಗಡಿಯಾರವನ್ನೂ ಕೈಯಾರೆ ಮುಂದಿಟ್ಟಿದ್ದ. ಅರ್ಧ ಗಂಟೆ ಕಳೆದು ಓದುವುದು ನಮಗೆ ಉಸಿರಾಡಿದಷ್ಟು ಸಲೀಸು. ಹೊಸದಾಗಿ ಮನೆಗೆ ಬಂದ ಹುಡುಗಿಗೆ ಹೇಳಬೇಕೆಂದು ಒಬ್ಬರಿಗಾದರೂ ತೋಚಿತೇ? ಕಂಪ್ಯೂಟರಿಗಂತೂ ಹೇಳಿರಲೇ ಇಲ್ಲ.

ಆದದ್ದು ಇಷ್ಟು. ಆ ಬೆಳಿಗ್ಗೆ ಭಾಮೈದ ಕಂಡಕ್ಟರರ ಹಳೆಯ ಅಳತೆಯನ್ನು ತೆರೆದು, ಅಂಚು ನಯ ಮಾಡಿ ಉಳಿಸಿದ. ಅದಾದ ಇಪ್ಪತ್ತು ನಿಮಿಷಕ್ಕೆ ಸೊಸೆ ಹೊಸ ಅಳತೆ ಉಳಿಸಿದಳು. ಆದರೆ ಹಳೆಯದರ ಮೇಲೆ ಬಿದ್ದದ್ದು ಮುಂದೋಡುವ ಗಡಿಯಾರದ ಮುದ್ರೆ. ಅದೇ ಕೊನೆಯಲ್ಲಿ ಹೋಗಿ ನಿಂತಿತು, ಯಂತ್ರ ಅದನ್ನೇ ಕೆತ್ತಿತು.

‘ಹಾಗಾದ್ರೆ ಹೊಸ ಅಳತೆ ಹಾಳಾಗಿ ಹೋಯ್ತಾ?’ ಎಂದೆ.

‘ಇಲ್ಲೇ ಇದೆ ಮಾವ. ಅದರ ಹಿಂದೇನೇ ನಿಂತಿದೆ. ಗಳಿಗೆ ಬೇರೆ ಬೇರೆ ಅಲ್ವಾ, ಒಂದರ ಮೇಲೊಂದು ಕೂರಲ್ಲ.’

ಹೋದ ಉಸಿರು ಬಂತು ನೋಡಿ! ನಾನು ಕಿತ್ತು ಹಾಕು ಎಂದ ಸ್ಕ್ರಿಪ್ಟೇ ಅದನ್ನು ಉಳಿಸಿತ್ತು. ಗಾಯಗೊಂಡ ಕಾಲಿನಿಂದ ಅಂದು ಮತ್ತೆ ಅಳತೆ ತೆಗೆಯುವಂತಿರಲಿಲ್ಲ. ಸಂಜೆಯೊಳಗೆ ಹೊಸ ಸಾಕೆಟ್ ಸಿದ್ಧವಾಯಿತು. ವೈದ್ಯರು ಗಾಯಕ್ಕೆ ತೆಳು ಪಟ್ಟಿ ಹಾಕಿ, ತೊಡಿಸಿ, ಅರ್ಧ ತಾಸು ನಡೆಸಿ ನೋಡಿ, ಹೂಂ ಎಂದರು. ಮರುದಿನ ಬಸ್ಸು ತಿರುವಿನಲ್ಲಿ ವಾಲಿದಾಗ ಪರೀಕ್ಷೆ ಮಾಡುವ ಅಧಿಕಾರಿಯೇ ಮುಗ್ಗರಿಸಿದರಂತೆ. ಇವರು ಒಂದು ಕೈಯಲ್ಲಿ ಅವರನ್ನು ಹಿಡಿದು, ಇನ್ನೊಂದು ಕೈಯಲ್ಲಿ ಟಿಕೆಟ್ ಹರಿದು ಕೊಟ್ಟರಂತೆ.

ಇನ್ನು ಯಾರಿಗೆ ಏನು ದಕ್ಕಿತು, ಅಷ್ಟು ಹೇಳಿ ಇಳಿಯುತ್ತೇನೆ. ಕಂಡಕ್ಟರರಿಗೆ ಅವರ ಬಸ್ಸು. ಭಾಮೈದನಿಗೆ ಸರಿಯಾದ ಗಡಿಯಾರ, ಜೊತೆಗೆ ಕಣ್ಣು ತೆರೆದು ಕೆತ್ತುವ ಅಭ್ಯಾಸ. ಸೊಸೆಗೆ ಈ ಶಾಲು, ಮತ್ತು ‘ಅದು ಯಾಕೆ ಹಾಗೆ?’ ಎಂದು ಈ ಮನೆಯಲ್ಲಿ ಏನನ್ನು ಬೇಕಾದರೂ ಕೇಳುವ ಅಧಿಕಾರ. ನನಗೆ? ನಾನಿವತ್ತು ಈ ಸಭೆಗೆ ಎಲ್ಲರಿಗಿಂತ ಮೊದಲು ಬಂದೆ. ಕುರ್ಚಿ ಹಾಕುತ್ತಿದ್ದವರು ‘ಯಾರು ಬೇಕಿತ್ತು?’ ಎಂದರು. ಯಾಕೆ ಬಂದೆನೆಂದರೆ, ಮೊನ್ನೆ ನನ್ನ ಹೆಂಡತಿ ಮತ್ತೆ ಸ್ಟೂಲು ಹತ್ತಿ, ಇಪ್ಪತ್ತೇಳು ವರ್ಷದ ಆ ಅರ್ಧ ಗಂಟೆಯನ್ನು ಹಿಂದಕ್ಕೆ ತಿರುಗಿಸಿದಳು. ಸ್ಟೂಲು ಹಿಡಿದುಕೊಂಡಿದ್ದವನು ನಾನೇ.

ಇಷ್ಟು ಹೊತ್ತು ಗಡಿಯಾರ ನೋಡದೆ ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.