ಬೀಗ ಬಿದ್ದ ಮೈದಾನ

ಪುರಸಭೆಯ ಪರವಾನಗಿ ಕಿಟಕಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಭಾವ, ಅವರ ಭಾಮೈದ ನಿಂತಿದ್ದರು. ಕಾರ್ಯಕ್ರಮಗಳಿಗೆ ಬಂದವರ ಕಾರನ್ನು ಬಾಗಿಲಲ್ಲೇ ಇಸಿದುಕೊಂಡು ನಿಲ್ಲಿಸಿ ಬರುವ ವ್ಯಾಲೆ ಪಾರ್ಕಿಂಗ್ ಅವರ ಕಸುಬು. ಭಾಮೈದನ ಜೇಬುಗಳು ಕೀಲಿಗಳಿಂದ ಉಬ್ಬಿದ್ದವು.

“ಪರ್ಮಿಟ್ ಇದೆ ಅಂದಿದ್ಯಲ್ಲೋ.”

“ಅದು ಸಭಾಂಗಣದ ಬಾಗಿಲಿಗೆ ಭಾವ. ಕಾರು ನಿಲ್ಸೋ ಮೈದಾನಕ್ಕೆ ಬೇರೆ ಬೇಕಂತೆ.”

“ಅದಕ್ಕೆ ಬೀಗ ಜಡಿಯೋದಾ?”

“ಜಡಿದ್ರು. ಕಾರೆಲ್ಲ ಒಳಗೇ ಇದಾವೆ.”

“ಜನ?”

“ಹಾಡಿನ ಕಾರ್ಯಕ್ರಮ ಮುಗಿಸ್ಕೊಂಡು ಸಭಾಂಗಣದ ಮೆಟ್ಟಿಲ ಮೇಲೆ ಕಾಯ್ತಿದಾರೆ. ನಾನು ಸಿಕ್ಕಿದ್ರೆ ಸಿಗಿದು ತೋರಣ ಕಟ್ತಾರೆ.”

“ಇಲ್ಲಿನ ಸಾಹೇಬ್ರು ಪರ್ಮಿಟ್‌ಗೆ ಸೈನ್ ಹಾಕಿದ್ರೆ ಮುಗೀತಲ್ಲ.”

“ಅವ್ರು ಇಲ್ಲಿಲ್ಲ. ನಮ್ಮ ಕಾರ್ಯಕ್ರಮಕ್ಕೇ ಬಂದಿದಾರೆ.” ಭಾಮೈದ ಒಂದು ಕೀಲಿ ತೆಗೆದು ತೋರಿಸಿದ. “ಇದು ಅವರ ಕಾರಿಂದು.”

“ಬೀಗ ಹಾಕ್ಸಿದ್ದು?”

“ಅವ್ರೇ. ಮುಂದಿನ ಸಾಲಲ್ಲಿ ಕೂತು ಫೋನ್ ಮಾಡಿದ್ರು. ಅವರ ಕಾರು ಎಲ್ಲಿ ನಿಂತಿದೆ ಅಂತ ಅವರಿಗೇನು ಗೊತ್ತು? ಬಾಗಿಲಲ್ಲೇ ಇಸ್ಕೊಂಡ್ವಲ್ಲ.”

“ಆಟೋದಲ್ಲಿ ಬಂದು ಸೈನ್ ಹಾಕ್ಲಿ.”

“ಕಾರು ಕೈಗೆ ಬರೋವರೆಗೂ ಕದಲಲ್ಲ ಅಂತ ಕೂತಿದಾರೆ.”

“ನೀವೇ ಬೀಗ ಹಾಕ್ಸಿದ್ದು ಅಂತ ಹೇಳೋದಲ್ವಾ?”

“ಹೇಳೋಕೆ ಹತ್ರ ಹೋಗ್ಬೇಕಲ್ಲ ಭಾವ.”

ಭಾವ ಭಾಮೈದನ ತೋಳು ಹಿಡಿದೆಳೆದರು.

“ನಡಿ ಸಭಾಂಗಣಕ್ಕೆ, ನಾನೇ ಹೇಳ್ತೀನಿ.”

ಇಬ್ಬರೂ ಸಾಲು ಬಿಟ್ಟು ಹೊರಟರು. ಭಾಮೈದ ಎರಡೂ ಜೇಬು ಅದುಮಿ ಹಿಡಿದುಕೊಂಡಿದ್ದ. ಆದರೂ ಹೆಜ್ಜೆಹೆಜ್ಜೆಗೂ ಕೀಲಿಗಳು ಗಲಗಲ ಎನ್ನುತ್ತಿದ್ದವು.